ಸೆಲ್ಫ್ ಬಿಚ್ಚುವ ಮೊದಲು ಹೆಡ್‌ಲೈಟ್ ಹಾಕಿ ನೋಡಿ

ಹಳೆಯ ಡೀಸೆಲ್ ಪಿಕಪ್ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ ಅಂದರೆ ನಮ್ಮ ಫೋನಿಗೆ ಬರುವ ಮಾತು ಎರಡೇ ಬಗೆ. ‘ಅಣ್ಣಾ, ಬ್ಯಾಟರಿ ಹೋಗಿದೆ’, ಇಲ್ಲಾಂದ್ರೆ ‘ಸೆಲ್ಫ್ ಹೋಗಿದೆ, ಬಂದು ಬಿಚ್ಕೊಂಡು ಹೋಗಿ’. ಸೆಲ್ಫ್ ಅಂದರೆ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟರ್. ಗಾಡಿ ತುಂಬ ಟೊಮೆಟೊ ಇರುತ್ತದೆ, ಮಂಡಿಯಲ್ಲಿ ಹರಾಜಿನ ಹೊತ್ತು ಮೀರುತ್ತಿರುತ್ತದೆ. ಆ ಗಡಿಬಿಡಿಯಲ್ಲಿ ಸಾಲ ಮಾಡಿ ಹೊಸ ಬ್ಯಾಟರಿ ತಂದು ಕೂರಿಸಿದವರೂ ಇದ್ದಾರೆ. ಆಮೇಲೂ ಗಾಡಿ ‘ಟಕ್’ ಅಂತ ಅಷ್ಟೇ ಅಂದಿರುತ್ತದೆ.

ಹಳೆಯ ಗಾಡಿಗಳಲ್ಲಿ ದೊಡ್ಡ ಪಾರ್ಟ್ ಕೆಡುವುದಕ್ಕಿಂತ, ಪಾರ್ಟ್‌ಗಳನ್ನು ಕೂಡಿಸುವ ಜಾಗ ಕೆಡುವುದೇ ಜಾಸ್ತಿ. ಸಡಿಲವಾದ ಟರ್ಮಿನಲ್, ತುಕ್ಕು ತಿಂದ ಅರ್ತ್ ವಯರ್, ಬಿರುಕು ಬಿಟ್ಟ ರಬ್ಬರ್ ಪೈಪ್, ಸವೆದ ತಾಮ್ರದ ವಾಷರ್. ಇವುಗಳ ಬೆಲೆ ಕಡಿಮೆ. ಹುಡುಕುವುದಕ್ಕೆ ತಾಳ್ಮೆ ಬೇಕು, ಅಷ್ಟೇ.

ನಾನು ಹೇಳುತ್ತಿರುವುದು ಟಾಟಾ 207, ಹಳೆಯ ಬೊಲೆರೊ ಪಿಕಪ್ ತರಹದ, ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಗಾಡಿಗಳ ವಿಷಯ. 2017ರ ಏಪ್ರಿಲ್‌ನಲ್ಲಿ ದೇಶದ ಎಲ್ಲೆಡೆ ಹೊಸ ಗಾಡಿಗಳಿಗೆ ಬಿಎಸ್4 ಹೊಗೆ ನಿಯಮ ಕಡ್ಡಾಯವಾಯಿತು, 2020ರ ಏಪ್ರಿಲ್‌ನಲ್ಲಿ ಬಿಎಸ್6. ಸೆನ್ಸರ್, ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಇರುವ ಹೊಸ ಕಾಮನ್ ರೈಲ್ ಗಾಡಿಗಳ ಕಥೆ ಬೇರೆ. ಅವಕ್ಕೆ ಸ್ಕ್ಯಾನರ್ ಬೇಕು. ಹಳೆಯದಕ್ಕೆ ಕಣ್ಣು, ಕಿವಿ, ಒಂದು ಮಲ್ಟಿಮೀಟರ್ ಸಾಕು.

ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಎಂಜಿನ್ ತಿರುಗುತ್ತಿದೆಯೋ ಇಲ್ಲವೋ? ಫೋನಿನಲ್ಲಿ ‘ಸ್ಟಾರ್ಟ್ ಆಗ್ತಿಲ್ಲ’ ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ. ತಿರುಗದೇ ಇದ್ದರೆ ಕರೆಂಟಿನ ತೊಂದರೆ. ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಡೀಸೆಲ್ಲಿನದು. ನಿಧಾನ ತಿರುಗಿದರೆ? ಅದನ್ನೂ ಕರೆಂಟಿನ ಲೆಕ್ಕಕ್ಕೇ ಸೇರಿಸಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒಳಗಿನ ಗಾಳಿಯನ್ನು ಸುಮಾರು 18-20 ಪಟ್ಟು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ನಿಧಾನವಾಗಿ ಒತ್ತಿದರೆ ಆ ಬಿಸಿ ಸಿಲಿಂಡರ್ ಗೋಡೆಗೆ ಇಳಿದುಹೋಗುತ್ತದೆ. ಸೆಲ್ಫ್ ‘ಊಂ… ಊಂ…’ ಅಂತ ಎಳೆಯುತ್ತಿದ್ದರೆ ಪಂಪು, ಡೀಸೆಲ್ ಸಿಂಪಡಿಸುವ ನಾಜಲ್ ಮುಟ್ಟಲೇಬೇಡಿ.

ಈಗ ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೆಡ್‌ಲೈಟ್ ಹಾಕಿ, ಒಬ್ಬರು ಮುಂದೆ ನಿಂತು ನೋಡಲಿ, ಇನ್ನೊಬ್ಬರು ಕೀ ತಿರುಗಿಸಲಿ. ಲೈಟ್ ಪೂರ್ತಿ ಆರಿಹೋದರೆ ಬ್ಯಾಟರಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ. ‘ಟಕಟಕಟಕ’ ಅಂತ ಬಿಡದೆ ಬಡಿದುಕೊಂಡರೂ ಅದೇ. ಲೈಟ್ ಅಲುಗಾಡದೆ ಉರಿದು, ಸದ್ದೇ ಇಲ್ಲದಿದ್ದರೆ ಸೆಲ್ಫ್‌ಗೆ ಆಜ್ಞೆಯೇ ತಲುಪಿಲ್ಲ. ಕೀ ಸ್ವಿಚ್ಚು, ಫ್ಯೂಸು, ಸೊಲೆನಾಯ್ಡಿಗೆ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್ಚು) ಹೋಗುವ ಸಣ್ಣ ವಯರು ನೋಡಬೇಕು. ಹಳೆಯ ಗಾಡಿಗಳಲ್ಲಿ ಕೀ ಸ್ವಿಚ್ಚಿನ ಒಳಗಿನ ಪಾಯಿಂಟ್ ಸವೆದು, ಕೀಯನ್ನು ಒತ್ತಿ ತಿರುಗಿಸಿದರೆ ಮಾತ್ರ ಹೊಡೆಯುವುದು ತೀರಾ ಸಾಮಾನ್ಯ. ಲೈಟ್ ಸ್ವಲ್ಪ ಮಂಕಾಗಿ, ಒಂದೇ ಒಂದು ಗಟ್ಟಿ ‘ಟಕ್’ ಬಂದರೆ ಮಾತ್ರ ಸೆಲ್ಫ್ ಮೇಲೆ ಅನುಮಾನ ಪಡಿ.

ಬ್ಯಾಟರಿಗೆ ಮೀಟರ್ ಹಿಡಿಯಿರಿ. ರಾತ್ರಿಯಿಡೀ ಸುಮ್ನೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ಬಂದರೆ ಚಾರ್ಜ್ ತುಂಬಿದೆ. 12.2 ಬಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಪರೀಕ್ಷೆ ಆಮೇಲೆ. ನಿಂತಾಗಿನ ವೋಲ್ಟ್ ಅರ್ಧ ಸತ್ಯ ಮಾತ್ರ. ಕೀ ತಿರುಗಿಸಿದಾಗಲೂ 9.6ರ ಮೇಲೆ ನಿಲ್ಲಬೇಕು. 12.6 ತೋರಿಸಿ, ಕೀ ತಿರುಗಿಸಿದ ಕೂಡಲೇ 7ಕ್ಕೆ ಬಿದ್ದರೆ ಬ್ಯಾಟರಿಯ ಒಳಗೇ ಸೆಲ್ ಸತ್ತಿದೆ. ಸ್ಟಾರ್ಟ್ ಆದ ಮೇಲೆ 13.8ರಿಂದ 14.4 ಬರಬೇಕು. ಬಾರದಿದ್ದರೆ ಡೈನಮೋ ಚಾರ್ಜ್ ಕೊಡುತ್ತಿಲ್ಲ, ಬ್ಯಾಟರಿಯದು ತಪ್ಪಿಲ್ಲ.

ಪಕ್ಕದ ಲಾರಿಯಿಂದ ಜಂಪ್ ಕೊಡುವವರಿಗೆ ಒಂದು ಮಾತು. ಲಾರಿಯದು 24 ವೋಲ್ಟ್, ಎರಡು ಬ್ಯಾಟರಿ ಸರಣಿಯಲ್ಲಿ ಕೂಡಿರುತ್ತವೆ. ನಿಮ್ಮದು 12. ಲಾರಿಯ ಒಂದೇ ಬ್ಯಾಟರಿಯ ಎರಡು ತುದಿಗೆ ಕೇಬಲ್ ಹಾಕಬೇಕು. ಎರಡರ ಹೊರತುದಿಗೆ ಹಾಕಿದರೆ ಬಲ್ಬು, ಡೈನಮೋ, ಮ್ಯೂಸಿಕ್ ಸಿಸ್ಟಮ್ ಒಟ್ಟಿಗೇ ಹೊಗೆ. ನಿಮ್ಮ ಗಾಡಿಯ ಕಡೆ ನೆಗೆಟಿವ್ ಕೇಬಲ್ಲನ್ನು ಬ್ಯಾಟರಿಗೆ ಹಿಡಿಯುವ ಬದಲು ಎಂಜಿನ್ನಿನ ಬರಿ ಕಬ್ಬಿಣಕ್ಕೆ, ಕೊನೆಯಲ್ಲಿ ಹಿಡಿಯಿರಿ. ಕಿಡಿ ಬ್ಯಾಟರಿಯ ಗ್ಯಾಸಿನಿಂದ ದೂರ ಇರುತ್ತದೆ.

ಬ್ಯಾಟರಿ ಸರಿ ಇದ್ದೂ ಎಂಜಿನ್ ಎಳೆದಾಡಿದರೆ ಅರ್ತ್ ನೋಡಿ. ಬಹಳ ಜನ ಮರೆಯುವ ಜಾಗ ಇದು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅಲ್ವಾ? ಅದಕ್ಕೇ ಎಂಜಿನ್ನಿನಿಂದ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಕೆಸರು, ಗೊಬ್ಬರ, ಮೀನಿನ ಉಪ್ಪುನೀರು ಸಾಗಿಸುವ ಗಾಡಿಗಳಲ್ಲಿ ಅದು ಪುಡಿಪುಡಿ ಆಗಿರುತ್ತದೆ. ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಆಗ ಸಿಕ್ಕ ದಾರಿ ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಮೂಲಕ ಹರಿದು ಅವು ಕೈ ಸುಡುವಷ್ಟು ಕಾಯುತ್ತವೆ. ಕೇಬಲ್ ಪದೇ ಪದೇ ಬಿಗಿಯಾಗುತ್ತದೆ ಅಂತ ದೂರು ತಂದವರ ಗಾಡಿಯಲ್ಲಿ ನಾನು ಮೊದಲು ಬಗ್ಗಿ ನೋಡುವುದು ಈ ಪಟ್ಟಿಯನ್ನೇ.

ಪರೀಕ್ಷೆ ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ. ಕೀ ತಿರುಗಿಸಿದಾಗ 0.2-0.3 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಕೆಟ್ಟಿದೆ. ಪಾಸಿಟಿವ್ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟಿಗೆ ಹೀಗೇ ಹಿಡಿದರೆ ಅರ್ಧ ವೋಲ್ಟಿನ ಒಳಗೆ ಇರಬೇಕು. ಕಂಬವನ್ನೇ ಮುಟ್ಟಿಸಿ, ಕ್ಲ್ಯಾಂಪನ್ನಲ್ಲ. ತೊಂದರೆ ಬಹಳ ಸಲ ಆ ಎರಡರ ನಡುವೆಯೇ ಕೂತಿರುತ್ತದೆ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಗೆ ಬಿಸಿನೀರು, ಅಡುಗೆ ಸೋಡಾ ಸಾಕು. ಒಣಗಿಸಿ, ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲೀನ್ ಹಚ್ಚಿ.

ಇಷ್ಟೂ ಸರಿ ಇದ್ದರೆ ಆಗ ಸೆಲ್ಫ್ ಇಳಿಸಿ. ಸೊಲೆನಾಯ್ಡಿನ ತಾಮ್ರದ ಪಾಯಿಂಟ್ ಸುಟ್ಟಿರುತ್ತದೆ, ಇಲ್ಲವೇ ಕಾರ್ಬನ್ ಸವೆದಿರುತ್ತದೆ. ಎರಡೂ ಬಿಡಿಯಾಗಿ ಸಿಗುತ್ತವೆ, ಪೂರ್ತಿ ಸೆಲ್ಫ್ ಕೊಳ್ಳಬೇಕಿಲ್ಲ. ‘ಸುಂಯ್’ ಅಂತ ಖಾಲಿ ಸುತ್ತಿ ಎಂಜಿನ್ ಹಿಡಿಯದಿದ್ದರೆ ಬೆಂಡಿಕ್ಸ್ (ಎಂಜಿನ್ನಿಗೆ ಕಚ್ಚಿಕೊಳ್ಳುವ ಸೆಲ್ಫ್‌ನ ಹಲ್ಲುಗಾಲಿ) ಜಾರುತ್ತಿದೆ. ಗಾಡಿ ಕೆಳಗೆ ಮಲಗಿ ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಚಾಳಿ ಬಿಡಿ. ಗೇರಿನಲ್ಲಿದ್ದರೆ ಗಾಡಿ ನಿಮ್ಮ ಮೇಲೇ ಹತ್ತುತ್ತದೆ.

ಇನ್ನು ಎಂಜಿನ್ ಜೋರಾಗಿ ತಿರುಗಿಯೂ ಹತ್ತದ ಗಾಡಿ. ಹಿಂದೆ ಹೋಗಿ ಸೈಲೆನ್ಸರ್ ಬಾಯಿ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಬರುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪಿಲ್ಲ.

ಹೊಗೆ ಇಲ್ಲದ ಗಾಡಿಯಲ್ಲಿ ಮೊದಲು ಸ್ಟಾಪ್ ವ್ಯವಸ್ಥೆ ನೋಡಿ. ಎಳೆದು ಬಂದ್ ಮಾಡುವ ಸ್ಟಾಪ್ ಕೇಬಲ್ ಪೂರ್ತಿ ಹಿಂದೆ ಹೋಗದೆ ಅರ್ಧಕ್ಕೇ ಸಿಕ್ಕಿಕೊಂಡಿರಬಹುದು. ಕೀ ಬಂದ್ ಮಾಡಿದಾಗ ನಿಲ್ಲುವ ಗಾಡಿಯಲ್ಲಿ ಪಂಪಿನ ಮೇಲೆ ಸಣ್ಣ ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ ಅದು ಸಣ್ಣಗೆ ‘ಟಿಕ್’ ಅನ್ನಬೇಕು. ಅನ್ನದಿದ್ದರೆ ಅದರ ಒಂಟಿ ವಯರ್ ಕಳಚಿದೆಯಾ ನೋಡಿ.

ಅದು ಸರಿ ಇದ್ದರೆ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿದೆ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಹ್ಯಾಂಡ್ ಪಂಪ್ ಒತ್ತಿ, ಸ್ಕ್ರೂ ಬಿಗಿ ಮಾಡಿ. ಇದು ಎಲ್ಲ ಡ್ರೈವರ್‌ಗಳಿಗೂ ಗೊತ್ತು. ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಇದನ್ನೇ ಮಾಡುತ್ತಾ ಇರುತ್ತಾರೆ. ಏರ್ ಎಲ್ಲಿಂದ ಬಂತು ಅಂತ ಕೇಳುವುದೇ ಇಲ್ಲ. ಟ್ಯಾಂಕಿನಿಂದ ಪಂಪಿನ ತನಕ ಇರುವುದು ಡೀಸೆಲ್ಲನ್ನು ಹೀರಿಕೊಳ್ಳುವ ಪೈಪು. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರದೆ, ಗಾಳಿ ಒಳಗೆ ಹೋಗಬಹುದು. ಆದ್ದರಿಂದ ಎಲ್ಲೂ ಒದ್ದೆ ಕಾಣುವುದಿಲ್ಲ. ಮೂತಿ ಮೇಲೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿದ ರಾತ್ರಿ ತೊಂದರೆ ಜಾಸ್ತಿ ಅನ್ನಿಸಿದರೆ ಇದೇ ಕಾರಣ, ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ.

ಹುಡುಕಲು ಒಂದು ಕ್ಯಾನ್ ಸಾಕು. ಪಂಪಿಗಿಂತ ಎತ್ತರದಲ್ಲಿ ಶುದ್ಧ ಡೀಸೆಲ್ ತುಂಬಿದ ಕ್ಯಾನ್ ಕಟ್ಟಿ, ಫಿಲ್ಟರಿಗೆ ಬರುವ ಪೈಪನ್ನೂ ರಿಟರ್ನ್ ಪೈಪನ್ನೂ ಅದಕ್ಕೇ ಇಳಿಸಿ. ಏರ್ ತೆಗೆದು ಓಡಿಸಿ, ಬಂದ್ ಮಾಡಿ, ಮರುದಿನ ಬೆಳಿಗ್ಗೆ ಮತ್ತೆ ಕೀ ಹಾಕಿ. ಒಂದೇ ಏಟಿಗೆ ಹತ್ತಿದರೆ ಫಿಲ್ಟರ್, ಪಂಪ್ ಸರಿ ಇವೆ, ಟ್ಯಾಂಕ್ ಕಡೆಯ ಪೈಪ್ ಕೆಟ್ಟಿದೆ. ಹತ್ತದಿದ್ದರೆ ಫಿಲ್ಟರ್ ತಲೆಯ ರಬ್ಬರ್, ತಾಮ್ರದ ವಾಷರ್ ಬದಲಿಸಿ. ಹಳೆ ವಾಷರನ್ನೇ ತಿರುಗಿಸಿ ಹಾಕುವ ಜಿಪುಣತನ ಬೇಡ. ಫಿಲ್ಟರ್ ಕೆಳಗೆ ನಿಂತ ನೀರನ್ನೂ ಹಾಗೇ ಬಿಡದೆ ಹೊರಗೆ ಬಸಿಯಿರಿ. ಓಡುತ್ತಿರುವ ಎಂಜಿನ್ನಿನ ನಾಜಲ್ ಪೈಪಿನ ಹತ್ತಿರ ಮಾತ್ರ ಕೈ ಒಯ್ಯಬೇಡಿ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಬಿಳಿ ಹೊಗೆ ಬಂದೂ ಹತ್ತದ ಗಾಡಿಯಲ್ಲಿ, ಚಳಿ ಬೆಳಗಿನಲ್ಲಿ ಮಾತ್ರ ತೊಂದರೆ ಇದ್ದರೆ, ಎಂಜಿನ್ ಒಳಗನ್ನು ಮೊದಲೇ ಕಾಯಿಸುವ ಹೀಟರ್ ಪ್ಲಗ್ ನೋಡಿ. ಎಲ್ಲ ಎಂಜಿನ್ನಿಗೂ ಅದು ಇರುವುದಿಲ್ಲ. ಇದ್ದರೆ, ವಯರ್ ಬಿಚ್ಚಿ ಮೀಟರ್ ಹಿಡಿದಾಗ ಒಂದು ಓಮ್ ಆಸುಪಾಸು ಬರಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ಹೀಟರ್ ಪ್ಲಗ್ ಇರುವ ಗಾಡಿಯ ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲೇಬಾರದು. ಕೆಂಡವಾದ ಪ್ಲಗ್ಗಿಗೆ ಈಥರ್ ತಾಗಿ ಹೊತ್ತಲ್ಲದ ಹೊತ್ತಲ್ಲಿ ಸಿಡಿದರೆ ಪಿಸ್ಟನ್ನೇ ಒಡೆಯಬಹುದು.

ಬೆಳಿಗ್ಗೆ ಸಲೀಸಾಗಿ ಹತ್ತಿ, ಮಧ್ಯಾಹ್ನ ಬಿಸಿ ಎಂಜಿನ್ನಿನಲ್ಲಿ ಸತಾಯಿಸುವ ಗಾಡಿಗಳೂ ಇವೆ. ರೋಟರಿ ಪಂಪ್ ಇದ್ದರೆ ಒಳಗಿನ ರೋಟರ್ ಸವೆದಿರುವ ಅನುಮಾನ. ಬಿಸಿಗೆ ತೆಳುವಾದ ಡೀಸೆಲ್ ಸಂದಿನಲ್ಲೇ ಜಾರಿ, ನಾಜಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣಗೆ ಮಾಡಿದಾಗ ಹತ್ತಿದರೆ ಅನುಮಾನ ಗಟ್ಟಿ. ಅದು ಪಂಪ್ ರಿಪೇರಿಯವರ ಕೆಲಸ, ರಸ್ತೆ ಬದಿಯಲ್ಲಿ ಬಿಚ್ಚುವಂಥದ್ದಲ್ಲ.

ಕಡೆಗೆ ಉಳಿಯುವುದು ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತಿದಾಗ ಹುಟ್ಟುವ ಒತ್ತಡ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಬಿಚ್ಚಿದರೆ ಹೊಗೆ ಬುಸುಬುಸು ನುಗ್ಗುತ್ತದೆಯೇ? ಅದಕ್ಕೇ ಬ್ಯಾಕ್ ಕಂಪ್ರೆಷನ್ ಅನ್ನುವುದು. ತಳ್ಳಿದರೆ ಹತ್ತುತ್ತದೆ, ಸೆಲ್ಫಿನಲ್ಲಿ ಹತ್ತುವುದಿಲ್ಲ, ಆಯಿಲ್ ಕುಡಿಯುತ್ತದೆ ಅಂದರೆ ನಾಜಲ್, ಪಂಪ್ ಅಂತ ದುಡ್ಡು ಸುರಿಯುವ ಮೊದಲು ಗೇಜ್ ಹಾಕಿಸಿ. ಇಂಥ ಎಂಜಿನ್ನಿನಲ್ಲಿ 400 ಪಿಎಸ್‌ಐ ಆಸುಪಾಸು ಬಂದರೆ ಒಳ್ಳೆಯದು, 300ಕ್ಕಿಂತ ಕೆಳಗೆ ಬಂದರೆ ಬೆಳಗಿನ ಸ್ಟಾರ್ಟಿಂಗ್ ಕಷ್ಟ. ಗೇಜ್ ಹಾಕುವ ಮುಂಚೆ ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗದ ಸಂದು) ಸೆಟ್ ಮಾಡಿಸಿರಬೇಕು. ಟ್ಯಾಪೆಟ್ ಬಿಗಿ ಇದ್ದರೆ ವಾಲ್ವ್ ಪೂರ್ತಿ ಕೂರದೆ ಒತ್ತಡ ಕಡಿಮೆ ತೋರಿಸುತ್ತದೆ, ಪಿಸ್ಟನ್ ರಿಂಗ್ ಹೋಗಿದೆ ಅಂದುಕೊಂಡು ಎಂಜಿನ್ನನ್ನೇ ಇಳಿಸಿಬಿಡುತ್ತಾರೆ.