ಕೊನ್ಯಾಕ್ ಬ್ರಾಂದಿಯ ವಯಸ್ಸನ್ನು ಎಣಿಸುವುದು ಹೇಗೆ?

ಫ್ರಾನ್ಸಿನ ಕೊನ್ಯಾಕ್ ಬ್ರಾಂದಿಯ ಬಾಟಲಿಗಳ ಮೇಲೆ ವಿ.ಎಸ್. (ವೆರಿ ಸ್ಪೆಷಲ್), ವಿ.ಎಸ್.ಒ.ಪಿ. (ವೆರಿ ಸುಪೀರಿಯರ್ ಓಲ್ಡ್ ಪೇಲ್), ಎಕ್ಸ್.ಒ. (ಎಕ್ಸ್ಟ್ರಾ ಓಲ್ಡ್) ಎಂಬ ಅಕ್ಷರಗಳಿರುತ್ತವೆ. ವಯಸ್ಸನ್ನು ತಿಳಿಸಬೇಕಾದ ಈ ಗುರುತುಗಳಲ್ಲಿ ಎಕ್ಸ್.ಒ.ದ ಅರ್ಥ 2018ರಲ್ಲಿ ಬದಲಾದದ್ದರಿಂದ, ಹಳೆಯ ಬಾಟಲಿಯನ್ನೂ ಹೊಸದನ್ನೂ ಒಂದೇ ಲೆಕ್ಕದಲ್ಲಿ ಓದುವಂತಿಲ್ಲ.

17ನೇ ಶತಮಾನದಲ್ಲಿ, ಕೊನ್ಯಾಕ್ ಊರಿರುವ ಶರಾಂತ್ ನದಿಯ ದಡದ ವೈನನ್ನು ಕೊಳ್ಳುತ್ತಿದ್ದ ಡಚ್ ವರ್ತಕರು ಹಡಗಿನ ಪಯಣದಲ್ಲಿ ಅದು ಕೆಡದಿರಲೆಂದು ಬಟ್ಟಿ ಇಳಿಸಿದರು. 'ಸುಟ್ಟ ವೈನ್' ಎಂಬ ಅರ್ಥದ ಅವರ ಮಾತೇ ಬ್ರಾಂದಿಯಾಯಿತು. 1870ರ ದಶಕದಲ್ಲಿ ಫಿಲಾಕ್ಸೆರಾ ಕೀಟ ಬಳ್ಳಿಗಳ ಬೇರು ತಿಂದು ತೋಟಗಳನ್ನು ಹಾಳುಗೆಡವಿತು, 1909ರಲ್ಲಿ ಕೊನ್ಯಾಕ್ ಪ್ರದೇಶದ ಗಡಿ ನಿಗದಿಯಾಯಿತು, 1936ರಲ್ಲಿ ಆ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು.

ತಯಾರಿಕೆಯ ಕ್ರಮದಲ್ಲಿ ಗೊಂದಲವಿಲ್ಲ. ಉನಿ ಬ್ಲಾಂ ಎಂಬ ಬಿಳಿ ದ್ರಾಕ್ಷಿಯ ವೈನಿನಲ್ಲಿ ಹುಳಿ ಹೆಚ್ಚು, ಮದ್ಯಸಾರ ಸುಮಾರು ಶೇ 9 ಮಾತ್ರ. ಕುಡಿಯಲು ರುಚಿಸದ ಈ ವೈನ್ ಬಟ್ಟಿಗೆ ಹೇಳಿ ಮಾಡಿಸಿದಂತಿರುತ್ತದೆ. ವೈನ್ ಕೆಡದಂತೆ ತಡೆಯುವ ಗಂಧಕವನ್ನು ಬೆರೆಸದ ಕಾರಣ, ಬಟ್ಟಿಯ ಸರದಿ ಬರುವ ತನಕ ಆ ಹುಳಿಯೇ ಅದನ್ನು ಕಾಯಬೇಕು. ತಾಮ್ರದ ಹಂಡೆಯನ್ನು ನೇರ ಉರಿಯ ಮೇಲಿಟ್ಟು ಎರಡು ಸಲ ಕಾಯಿಸುತ್ತಾರೆ. ಮೊದಲ ಸಲ ಇಳಿಯುವುದು ಶೇ 30ರ ಆಸುಪಾಸಿನ ಮಬ್ಬು ದ್ರವ. ಎರಡನೆಯ ಸಲ ಮೊದಲು ಬರುವ ಘಾಟಿನ ಪಾಲನ್ನೂ ಕೊನೆಯ ಪಾಲನ್ನೂ ಬೇರ್ಪಡಿಸಿ, ನಡುವಿನ ತಿಳಿಯಾದ, ಶೇ 70ರಷ್ಟು ಬಲದ ಪಾಲನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಯಾವ ಗಳಿಗೆಯಲ್ಲಿ ಬೇರ್ಪಡಿಸಬೇಕೆಂಬುದನ್ನು ಬಟ್ಟಿಯವನ ಮೂಗು ನಾಲಿಗೆಗಳೇ ತೀರ್ಮಾನಿಸಬೇಕಾಗಿರುವುದರಿಂದ, ನನ್ನ ಮಟ್ಟಿಗೆ ಇಡೀ ಕಸುಬಿನ ಜೀವಾಳ ಇದೇ.

ಮಾರ್ಚ್ 31ರೊಳಗೆ ಬಟ್ಟಿ ಮುಗಿಯಬೇಕು; ಏಪ್ರಿಲ್ 1ರಿಂದ ವಯಸ್ಸಿನ ಎಣಿಕೆ. ಲಿಮೂಸ್ಯಾಂ ಅಥವಾ ತ್ರೋನ್ಸೆ ಕಾಡಿನ ಓಕ್ ಪೀಪಾಯಿಯಲ್ಲಿ ಬಣ್ಣವಿಲ್ಲದ ಸಾರ ಕ್ರಮೇಣ ಹೊಂಬಣ್ಣಕ್ಕೆ ತಿರುಗುತ್ತದೆ. ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋಗುತ್ತದೆ. ಅದನ್ನು 'ದೇವತೆಗಳ ಪಾಲು' ಎನ್ನುತ್ತಾರೆ. ಆ ಆವಿಯನ್ನುಂಡು ಬೆಳೆಯುವ ಶಿಲೀಂಧ್ರ ಗೋದಾಮುಗಳ ಗೋಡೆ, ಹೆಂಚುಗಳ ಮೇಲೆ ಮಸಿ ಬಳಿದಂತೆ ಕಪ್ಪಗೆ ಹರಡಿರುತ್ತದೆ. ಗಾಜಿಗೆ ಇಳಿಸಿದ ದಿನ ವಯಸ್ಸು ನಿಲ್ಲುತ್ತದೆ.

ಬಾಟಲಿಯಲ್ಲಿರುವುದು ಹಲವು ಪೀಪಾಯಿಗಳ ಮಿಶ್ರಣ. ಗುರುತು ಹೇಳುವುದು ಅದರಲ್ಲಿ ಎಲ್ಲಕ್ಕಿಂತ ಕಿರಿಯದರ ವಯಸ್ಸನ್ನು ಮಾತ್ರ. ವಿ.ಎಸ್.ಗೆ ಕನಿಷ್ಠ 2 ವರ್ಷ, ವಿ.ಎಸ್.ಒ.ಪಿ.ಗೆ 4. ಎಕ್ಸ್.ಒ.ಗೆ 6 ಇದ್ದದ್ದನ್ನು 10ಕ್ಕೆ ಏರಿಸುವ ನಿಯಮವು 2016ರಲ್ಲಿ ಬರಬೇಕಾಗಿತ್ತು, 2018ಕ್ಕೆ ಮುಂದೂಡಲ್ಪಟ್ಟಿತು. ಆರು ವರ್ಷದ ಜಾಗ 'ನೆಪೋಲಿಯನ್' ಎಂಬ ಹೆಸರಿಗೆ ಉಳಿಯಿತು. ಬಣ್ಣ ನೋಡಿ ಅಳೆಯೋಣವೆಂದರೆ ಕ್ಯಾರಮೆಲ್ ಬೆರೆಸಲು ಅನುಮತಿಯಿದೆ. ಇಸವಿ, ವರ್ಷಗಳನ್ನು ಅಂಕಿಯಲ್ಲೇ ಬರೆಯುವ ರೂಢಿ ಬೆಳೆದಿದ್ದರೆ ಕೊಳ್ಳುವವರಿಗೆ ಈ ಕಷ್ಟ ಇರುತ್ತಿರಲಿಲ್ಲ. ಈಗಂತೂ 2018ಕ್ಕೂ ಮೊದಲು ತುಂಬಿಸಿದ ಎಕ್ಸ್.ಒ. ಆರು ವರ್ಷದ್ದೋ ಇಪ್ಪತ್ತು ವರ್ಷದ್ದೋ ಎಂಬುದನ್ನು ಆ ಎರಡಕ್ಷರದಿಂದ ತಿಳಿಯಲಾಗದು.