ಹೆಸರು ಪ್ಯಾರಿಸ್ಸಿನದು, ಹೂಡಿಕೆ ಸ್ಥಳೀಯರದು: ಗ್ಯಾಲರೀಸ್ ಲಫಾಯೆಟ್‌ನ ವಿದೇಶಯಾನ

ಮುಂಬೈಯ ಕಾಲಾ ಘೋಡಾ ಪ್ರದೇಶದಲ್ಲಿರುವ ಟರ್ನರ್ ಮಾರಿಸನ್ ಮತ್ತು ವೋಲ್ಟಾಸ್ ಹೌಸ್ ಎಂಬ ಹಳೆಯ ಕಟ್ಟಡಗಳಲ್ಲಿ 2025ರ ಕೊನೆಗೆ ಗ್ಯಾಲರೀಸ್ ಲಫಾಯೆಟ್ ಬಾಗಿಲು ತೆರೆದಾಗ, ಹಲವು ಬ್ರ್ಯಾಂಡುಗಳನ್ನು ಒಂದೇ ಸೂರಿನಡಿ ಮಾರುವ ಪ್ಯಾರಿಸ್ಸಿನ ಹೆಸರುವಾಸಿ ಮಳಿಗೆ ಭಾರತಕ್ಕೆ ಕಾಲಿಟ್ಟಿತೆಂದೇ ಸುದ್ದಿಯಾಯಿತು. ಸುದ್ದಿ ಸುಳ್ಳಲ್ಲ. ಆದರೆ ಆ ಮಳಿಗೆಗೆ ಹಣ ಹೂಡಿ ಅದನ್ನು ನಡೆಸುತ್ತಿರುವುದು ಆದಿತ್ಯ ಬಿರ್ಲಾ ಫ್ಯಾಷನ್ ಆ್ಯಂಡ್ ರಿಟೇಲ್ ಕಂಪನಿ. ಪ್ಯಾರಿಸ್ಸಿನಿಂದ ಬಂದಿರುವುದು ಮುಖ್ಯವಾಗಿ ಹೆಸರು ಮತ್ತು ಆ ಹೆಸರಿನೊಂದಿಗೆ ಬರುವ ವ್ಯಾಪಾರದ ತಿಳಿವಳಿಕೆ. ಈ ಏರ್ಪಾಡು ಭಾರತಕ್ಕಾಗಿ ಹೊಸದಾಗಿ ಹೊಳೆದದ್ದಲ್ಲ. ಸ್ವಂತ ಹಣದಿಂದ ಪರದೇಶದಲ್ಲಿ ಅಂಗಡಿ ಇಟ್ಟು ಕೈಸುಟ್ಟುಕೊಂಡ ಅನುಭವವೇ ಸಂಸ್ಥೆಯನ್ನು ಇಲ್ಲಿಗೆ ತಂದು ನಿಲ್ಲಿಸಿದೆ.

ಫ್ರಾನ್ಸಿನ ಆಲ್ಸೇಸ್ ಪ್ರಾಂತ ಮೂಲದ ಸೋದರಸಂಬಂಧಿಗಳಾದ ಥಿಯೋಫಿಲ್ ಬಾದೆರ್ ಮತ್ತು ಅಲ್ಫೋನ್ಸ್ ಕಾನ್ 1893ರಲ್ಲಿ ಪ್ಯಾರಿಸ್ಸಿನ ಲಫಾಯೆಟ್ ರಸ್ತೆಯ ಮೂಲೆಯಲ್ಲಿ ಸುಮಾರು 70 ಚದರ ಮೀಟರಿನ ಅಂಗಡಿಯೊಂದನ್ನು ತೆರೆದರು. ಅದು ಬೆಳೆದು ದೊಡ್ಡ ಮಳಿಗೆಯಾಗಿ, 1912ರ ಹೊತ್ತಿಗೆ ಅದರ ಮೇಲೆ 43 ಮೀಟರ್ ಎತ್ತರದ ಬಣ್ಣದ ಗಾಜಿನ ಗುಮ್ಮಟ ಎದ್ದಿತ್ತು. ಅನಂತರದ ಎಂಟು ದಶಕಗಳಲ್ಲಿ ಫ್ರಾನ್ಸಿನ ಇತರ ನಗರಗಳಲ್ಲಿ ಶಾಖೆಗಳು, 1932ರಲ್ಲಿ ಅಗ್ಗದ ಸರಕಿನ ಮೊನೊಪ್ರಿ ಮಳಿಗೆಗಳು, ನಾಜಿ ಆಕ್ರಮಣದ ಕಾಲದಲ್ಲಿ ಯಹೂದಿ ಕುಟುಂಬದ ಕೈತಪ್ಪಿದ ಒಡೆತನ, ಯುದ್ಧಾನಂತರ ಅದರ ಮರಳಿಕೆ, 1991ರಲ್ಲಿ ಪ್ರತಿಸ್ಪರ್ಧಿ ನುವೆಲ್ ಗ್ಯಾಲರೀಸ್ ಸಮೂಹದ ಖರೀದಿ ಎಲ್ಲವೂ ನಡೆದವು. ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ಬಹಳ ಹಿಂದೆಯೇ ಒಂದು ಶಾಖೆ ಇತ್ತಾದರೂ, ವಿದೇಶ ವಿಸ್ತರಣೆಯ ನಿಜವಾದ ಪರೀಕ್ಷೆ ಆರಂಭವಾದದ್ದು 1990ರ ದಶಕದಲ್ಲಿ.

ಮೊದಲ ಪೆಟ್ಟು ಬಿದ್ದದ್ದು ನ್ಯೂಯಾರ್ಕಿನಲ್ಲಿ. 1991ರಲ್ಲಿ ಮ್ಯಾನ್‌ಹಟನ್ನಿನ ಟ್ರಂಪ್ ಟವರಿಗೆ ಸೇರಿದ ಜಾಗದಲ್ಲಿ, 57ನೇ ರಸ್ತೆಯಲ್ಲಿ ತೆರೆದ ಮಳಿಗೆ 1994ರಲ್ಲಿ ಮುಚ್ಚಿತು. ಅಮೆರಿಕದಲ್ಲಿ ಆಗ ಆರ್ಥಿಕ ಹಿಂಜರಿತವಿತ್ತು ಎಂಬುದು ನಿಜ. ಅದೊಂದೇ ಕಾರಣವೆಂದರೆ ಮಾತ್ರ ಒಪ್ಪಲಾಗದು. ಗಿರಾಕಿ ಹುಡುಕಿಕೊಂಡು ಬರುವಂಥ ದೊಡ್ಡ ಬ್ರ್ಯಾಂಡುಗಳು ಆ ನಗರದ ಹಳೆಯ ಮಳಿಗೆಗಳ ಜೊತೆ ಮೊದಲೇ ನಂಟು ಬೆಳೆಸಿಕೊಂಡಿದ್ದವು. ಹೊಸಬರ ಕಪಾಟಿಗೆ ಉಳಿದದ್ದು ಅಮೆರಿಕನ್ನರು ಹೆಚ್ಚು ಕೇಳಿರದ ಫ್ರೆಂಚ್ ಹೆಸರುಗಳು. ಪ್ಯಾರಿಸ್ಸಿನಲ್ಲಿ ಈ ಸಂಸ್ಥೆಯ ಬಲವೆಂದರೆ ಬ್ರ್ಯಾಂಡುಗಳೇ ಜಾಗ ಕೇಳಿಕೊಂಡು ಬರುತ್ತಿದ್ದದ್ದು. ಗಡಿ ದಾಟಿದ ಕೂಡಲೇ ಆ ಬಲ ಉಳಿಯಲಿಲ್ಲ.

ಬರ್ಲಿನ್ನಿನ ಕಥೆ ಇದಕ್ಕಿಂತ ದೀರ್ಘವಾದದ್ದು, ಹೆಚ್ಚು ಗಮನಿಸಬೇಕಾದದ್ದು. ಗೋಡೆ ಬಿದ್ದ ಮೇಲೆ, ಹಿಂದಿನ ಪೂರ್ವ ಬರ್ಲಿನ್ನಿಗೆ ಸೇರಿದ್ದ ಫ್ರೀಡ್ರಿಶ್ ರಸ್ತೆಯನ್ನು ಮತ್ತೆ ನಗರದ ವೈಭವದ ಬೀದಿಯನ್ನಾಗಿ ಮಾಡುವ ಉತ್ಸಾಹ ಯೋಜಕರಲ್ಲಿತ್ತು. ಅದರ ಭಾಗವಾಗಿ 1996ರಲ್ಲಿ, ವಾಸ್ತುಶಿಲ್ಪಿ ಜಾನ್ ನುವೆಲ್ ವಿನ್ಯಾಸದ ಗಾಜಿನ ಕಟ್ಟಡದಲ್ಲಿ ಗ್ಯಾಲರೀಸ್ ಲಫಾಯೆಟ್ ತೆರೆಯಿತು. ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಮಹಡಿಗಳನ್ನು ಕೊರೆದುಕೊಂಡು ನಿಂತ ಬೃಹತ್ ಗಾಜಿನ ಶಂಕು. ಕಟಕಟೆಗೆ ಒರಗಿ ನಿಂತರೆ ಎದುರಿನ ಗಾಜಿನಲ್ಲಿ ಮೇಲಿನ ಮತ್ತು ಕೆಳಗಿನ ಅಂತಸ್ತುಗಳೆರಡೂ ಒಡೆದೊಡೆದು ಪ್ರತಿಫಲಿಸುತ್ತಿದ್ದವು. ನೆಲಮಾಳಿಗೆಯ ಆಹಾರ ವಿಭಾಗದಲ್ಲಿ ಫ್ರೆಂಚ್ ಚೀಸು, ಬ್ರೆಡ್ಡು, ವೈನು ಸಿಗುತ್ತಿದ್ದವು. ಬಟ್ಟೆ ಕೊಳ್ಳದ ಬರ್ಲಿನ್ನಿಗರೂ ಅದಕ್ಕಾಗಿ ಅಲ್ಲಿಗೆ ಹೋಗುತ್ತಿದ್ದರು.

ನೋಡಲು ಬಂದವರೆಲ್ಲ ಕೊಳ್ಳುವವರಾಗಿರಲಿಲ್ಲ ಎಂಬುದು ತೊಡಕಾಗಿತ್ತು. ಬರ್ಲಿನ್ನಿನ ದುಬಾರಿ ವ್ಯಾಪಾರವು ಗೋಡೆಯ ಕಾಲದಲ್ಲಿ ಬೇರೂರಿದ್ದ ಪಶ್ಚಿಮ ಭಾಗದಲ್ಲೇ, ಕಾಡೆವೆ ಮಳಿಗೆಯ ಸುತ್ತಮುತ್ತಲೇ ಉಳಿಯಿತು. ಶಂಕು ಎಷ್ಟೇ ಸುಂದರವಾಗಿದ್ದರೂ ಸರಕು ಇಡಬಹುದಾಗಿದ್ದ ಜಾಗವನ್ನು ನುಂಗಿತ್ತು. 2014ರಲ್ಲಿ ಹತ್ತಿರದಲ್ಲೇ ಮಾಲ್ ಆಫ್ ಬರ್ಲಿನ್ ಎದ್ದಿತು. ಆ ಭಾಗದಲ್ಲಿ ವರ್ಷಗಟ್ಟಲೆ ಮೆಟ್ರೊ ಕಾಮಗಾರಿ ನಡೆಯಿತು. 2020ರಿಂದ ರಸ್ತೆಯ ಒಂದು ಭಾಗದಲ್ಲಿ ಕಾರುಗಳನ್ನು ನಿಷೇಧಿಸುವ ಪ್ರಯೋಗ, ಅದರ ಮೇಲೆ ರಾಜಕೀಯ ಜಗಳ, ಜೊತೆಗೆ ಕೋವಿಡ್. ಇವುಗಳಲ್ಲಿ ಯಾವುದೊಂದರ ಮೇಲೂ ಪೂರ್ತಿ ಹೊಣೆ ಹೊರಿಸುವಂತಿಲ್ಲ. ಜರ್ಮನಿಯ ತನ್ನದೇ ದೊಡ್ಡ ಮಳಿಗೆಗಳು ಅದೇ ಅವಧಿಯಲ್ಲಿ ದಿವಾಳಿ ಅರ್ಜಿ ಹಾಕುತ್ತಿದ್ದುದನ್ನೂ ನೆನಪಿಡಬೇಕು. ಕಟ್ಟಡವನ್ನು ನಗರದ ಕೇಂದ್ರ ಗ್ರಂಥಾಲಯವಾಗಿಸುವ ಪ್ರಸ್ತಾಪವನ್ನು ಬರ್ಲಿನ್ನಿನ ಸಂಸ್ಕೃತಿ ಖಾತೆಯೇ ಮುಂದಿಟ್ಟಿತು. ಹಣದ ಪ್ರಶ್ನೆಯಲ್ಲಿ ಅದು ಸಿಕ್ಕಿಕೊಂಡಿತು. 2024ರ ಜುಲೈ ಕೊನೆಗೆ ಮಳಿಗೆ ಮುಚ್ಚಿತು.

ಬರ್ಲಿನ್ ಇನ್ನೂ ನಡೆಯುತ್ತಿರುವಾಗಲೇ ಸಂಸ್ಥೆ ದಾರಿ ಬದಲಿಸಿತ್ತು. 2009ರಲ್ಲಿ ದುಬೈ, 2011ರಲ್ಲಿ ಕಾಸಾಬ್ಲಾಂಕಾ, 2013ರಲ್ಲಿ ಜಕಾರ್ತಾ, 2019ರಲ್ಲಿ ದೋಹಾ: ಎಲ್ಲೆಡೆ ಸ್ಥಳೀಯ ಪಾಲುದಾರರು. ಚೀನಾದಲ್ಲಿ 1990ರ ದಶಕದ ಮೊದಲ ಯತ್ನ ಬೇಗನೆ ಕೈಗೂಡದೆ ಹೋಗಿದ್ದರಿಂದ, 2013ರಲ್ಲಿ ಹಾಂಗ್‌ಕಾಂಗಿನ ಐ.ಟಿ ಎಂಬ ಹೆಸರಿನ ಉಡುಪು ಮಾರಾಟ ಕಂಪನಿಯೊಂದಿಗೆ ಸೇರಿ ಬೀಜಿಂಗಿಗೆ ಮರಳಿತು. ಈ ಫ್ರಾಂಚೈಸಿ ಏರ್ಪಾಡಿನ ಲೆಕ್ಕ ಸರಳವಾದದ್ದು. ಜಾಗ, ಒಳಾಂಗಣ, ಸಿಬ್ಬಂದಿ ಮತ್ತು ಮಾರಾಟವಾಗದೆ ಉಳಿದ ಸರಕಿನ ನಷ್ಟ ಪಾಲುದಾರನ ತಲೆಗೆ; ಪ್ಯಾರಿಸ್ ಹೆಸರು ಕೊಡುತ್ತದೆ, ಬ್ರ್ಯಾಂಡುಗಳ ಪರಿಚಯ ಮಾಡಿಸುತ್ತದೆ, ಮಳಿಗೆ ಹೇಗಿರಬೇಕೆಂದು ಹೇಳುತ್ತದೆ, ಪ್ರತಿಯಾಗಿ ಶುಲ್ಕ ಪಡೆಯುತ್ತದೆ. ಬಾಡಿಗೆ ಬಂದರೆ ಸಾಕು, ಒಳಗಿನ ವ್ಯಾಪಾರ ಬಾಡಿಗೆದಾರನ ಪಾಡು ಎನ್ನುವ ಮನೆಯೊಡೆಯನ ನಿಲುವು ಇದು. ವ್ಯವಹಾರವಾಗಿ ಇದು ಜಾಣತನವೇ ಸರಿ. ಇದನ್ನು ವಿಸ್ತರಣೆ ಎಂದು ಕರೆಯುವಾಗ ಮಾತ್ರ ಸ್ವಲ್ಪ ಹಿಂಜರಿಕೆಯಾಗುತ್ತದೆ. ಪ್ಯಾರಿಸ್ಸಿನ ಇನ್ನೊಂದು ಹಳೆಯ ಮಳಿಗೆ ಪ್ರಿಂಟಾಂ ಬೇರೆ ಹಾದಿ ಹಿಡಿಯಿತು: 2013ರಿಂದ ಕತಾರಿ ಹೂಡಿಕೆದಾರರ ಒಡೆತನದಲ್ಲಿರುವ ಅದು 2022ರಲ್ಲಿ ದೋಹಾದಲ್ಲಿ, 2025ರಲ್ಲಿ ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಮಳಿಗೆ ತೆರೆದಿದೆ.

ಭಾರತದಲ್ಲಿ ಫ್ರಾಂಚೈಸಿಗೆ ಕಾನೂನಿನ ಅನುಕೂಲವೂ ಇದೆ. ಹಲವು ಬ್ರ್ಯಾಂಡುಗಳನ್ನು ಮಾರುವ ಚಿಲ್ಲರೆ ವ್ಯಾಪಾರದಲ್ಲಿ ಶೇ 51ರವರೆಗೆ ವಿದೇಶಿ ನೇರ ಹೂಡಿಕೆಗೆ 2012ರಲ್ಲಿ ಕೇಂದ್ರ ಅವಕಾಶ ಕೊಟ್ಟಿತಾದರೂ, ಅದಕ್ಕೆ ಕನಿಷ್ಠ 10 ಕೋಟಿ ಡಾಲರ್ ಹೂಡಿಕೆ, ಸಣ್ಣ ಉದ್ದಿಮೆಗಳಿಂದ ಶೇ 30ರಷ್ಟು ಖರೀದಿ, ಆಯಾ ರಾಜ್ಯದ ಒಪ್ಪಿಗೆ ಮುಂತಾದ ಷರತ್ತುಗಳಿದ್ದವು. ಕರ್ನಾಟಕ ಒಪ್ಪಿದ ರಾಜ್ಯಗಳ ಪಟ್ಟಿಯಲ್ಲಿತ್ತು. ದೆಹಲಿ 2014ರಲ್ಲಿ ಒಪ್ಪಿಗೆಯನ್ನು ಹಿಂತೆಗೆದುಕೊಂಡಿತು. ಹಣ ಹೂಡುವವರು ಭಾರತೀಯರೇ ಆದಾಗ ಈ ಷರತ್ತುಗಳು ಅಡ್ಡ ಬರುವುದಿಲ್ಲ. 2022ರ ಘೋಷಣೆಯಲ್ಲಿ ಮುಂಬೈಗೆ 90,000 ಚದರ ಅಡಿಯ ಮಳಿಗೆಯೂ, ಅದೇ ದೆಹಲಿಯ ಡಿಎಲ್‌ಎಫ್ ಎಂಪೋರಿಯೊ ಮಾಲಿನಲ್ಲಿ 65,000 ಚದರ ಅಡಿಯ ಇನ್ನೊಂದೂ ಇದ್ದವು.

ಹೆಸರನ್ನು ಬಾಡಿಗೆಗೆ ಕೊಡುವುದರ ಇನ್ನೊಂದು ಮುಖ ಕಂಡದ್ದು ವಿದೇಶದಲ್ಲಲ್ಲ, ಫ್ರಾನ್ಸಿನಲ್ಲಿಯೇ. ಪ್ಯಾರಿಸ್ಸಿನ ಹೊರಗಿನ ಹಲವು ಮಳಿಗೆಗಳನ್ನು ಸಂಸ್ಥೆ ಈಚಿನ ವರ್ಷಗಳಲ್ಲಿ ಫ್ರಾಂಚೈಸಿಗೆ ವಹಿಸಿತ್ತು. ಅವುಗಳಲ್ಲಿ ಏಳನ್ನು ನಡೆಸುತ್ತಿದ್ದ ಎಸ್‌ಜಿಎಂ ಕಂಪನಿಯು ದಿಜೋಂ, ರಾನ್ಸ್, ಗ್ರೆನೋಬಲ್ ಮುಂತಾದ ಊರುಗಳಲ್ಲಿ ಅಗ್ಗದ ಆನ್‌ಲೈನ್ ಉಡುಪಿನ ಶೀನ್‌ಗೆ ಜಾಗ ಕೊಡುವುದಾಗಿ 2025ರ ಅಕ್ಟೋಬರಿನಲ್ಲಿ ಘೋಷಿಸಿತು. ಒಪ್ಪಂದಕ್ಕೆ ಇದು ವಿರುದ್ಧವೆಂದು ಗ್ಯಾಲರೀಸ್ ಲಫಾಯೆಟ್ ಆಕ್ಷೇಪಿಸಿತು, ಇಬ್ಬರೂ ಬೇರೆಯಾದರು. ಆ ಏಳು ಮಳಿಗೆಗಳಿಗೆ ನಿಗದಿಯಾದ ಹೊಸ ಹೆಸರು ಬಿಎಚ್‌ವಿ. ಅದು 1991ರ ಖರೀದಿಯಲ್ಲಿ ಗ್ಯಾಲರೀಸ್ ಲಫಾಯೆಟ್‌ನ ಕೈಸೇರಿದ್ದ, 2023ರಲ್ಲಿ ಆ ಸಂಸ್ಥೆ ಇದೇ ಎಸ್‌ಜಿಎಂಗೆ ಮಾರಿದ್ದ ಮಳಿಗೆಯ ಹೆಸರು.