ಬಚ್ಚಲು ಅದೇ ಜಾಗದಲ್ಲಿ ಯಾಕೆ ಕಟ್ಟುತ್ತದೆ?

ಬಿದಿರ ದಬ್ಬೆ ತೂರಿಸಿ ನಾಲ್ಕು ಸಲ ಗುದ್ದಿದರೆ ನೀರು ಗುಳುಗುಳು ಎಂದು ಇಳಿಯುತ್ತದೆ. ಗುದ್ದಿದವರು ಕೈತೊಳೆದು ದುಡ್ಡು ಇಸಕೊಂಡು ಹೋಗುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅಡುಗೆಮನೆ ಸಿಂಕಿನಲ್ಲಿ ಮತ್ತೆ ನೀರು ನಿಂತಿರುತ್ತದೆ. ‘ಏನೋ ಸಿಕ್ಕಿಕೊಂಡಿರಬೇಕು’ ಎನ್ನುವುದು ಮನೆಯವರ ತೀರ್ಮಾನ. ಸಿಕ್ಕಿಕೊಂಡ ವಸ್ತುವಾಗಿದ್ದರೆ ಒಂದು ಸಲ ತೆಗೆದ ಮೇಲೆ ಕಥೆ ಮುಗಿಯಬೇಕಿತ್ತು. ಪದೇಪದೇ ಕಟ್ಟುವ ಪೈಪಿನಲ್ಲಿ ಹುಡುಕಬೇಕಾದದ್ದು ಒಂದು ಜಾಗವನ್ನು, ನೀರು ನಿಧಾನವಾಗುವ ಜಾಗವನ್ನು. ದಬ್ಬೆ ಮಾಡಿದ್ದು ಇಷ್ಟೇ: ಪೈಪಿನ ಒಳಗೋಡೆಗೆ ಉದ್ದಿನ ವಡೆಯ ಹಾಗೆ ಉಂಗುರವಾಗಿ ಹಿಡಿದಿದ್ದ ಜಡ್ಡಿಗೆ ನಡುವೆ ಒಂದು ತೂತು. ವಡೆ ಅಲ್ಲೇ ಇದೆ. ತೂತು ಮುಚ್ಚಲು ಹದಿನೈದು ದಿನ ಬೇಕು, ಅಷ್ಟೇ.

ಆ ಜಡ್ಡನ್ನು ಒಮ್ಮೆ ಕೈಗವಸು ಹಾಕಿಕೊಂಡು ಹಿಸುಕಿ ನೋಡಬೇಕು. ಬೂದುಬಿಳಿ ಬಣ್ಣ, ಹಳೇ ಮೇಣದ ಹಾಗೆ ಪುಡಿಪುಡಿ, ಕಮಟು ಬೆಣ್ಣೆಯ ವಾಸನೆ. ನೀರಿನಲ್ಲಿ ತೇಲುತ್ತದೆ. ಬಿಸಿನೀರು ಹಾಕಿದರೆ ಕರಗುವುದಿಲ್ಲ. ಹಾಗಾದರೆ ಇದು ಬರೀ ಎಣ್ಣೆ ಜಿಡ್ಡಲ್ಲ, ಸಾಬೂನು. ಆದರೆ ನೊರೆ ಬರದ ಸಾಬೂನು.

ಮೈಸೋಪು ಎಂದರೆ ಕೊಬ್ಬಿನ ಆಮ್ಲ ಸೋಡಿಯಂ ಜೊತೆ ಕೈಹಿಡಿದು ನಿಂತಿರುವುದು. ಸೋಡಿಯಂಗೆ ಒಂದೇ ಕೈ. ನೀರು ಕಂಡ ಕೂಡಲೇ ಬಿಟ್ಟು ಹೋಗುತ್ತದೆ, ಹಾಗಾಗಿ ಸೋಪು ಕರಗುತ್ತದೆ. ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂಗೆ ಎರಡು ಕೈ. ಅದು ಎರಡು ಕೊಬ್ಬಿನ ಆಮ್ಲಗಳನ್ನು ಒಟ್ಟಿಗೆ ಹಿಡಿದು ಗಂಟು ಹಾಕುತ್ತದೆ, ಆಮೇಲೆ ಬಿಡುವುದಿಲ್ಲ. ಸೋಡಿಯಂ ಸೋಪು ಬಿಡಿ ಹೂವಾದರೆ ಕ್ಯಾಲ್ಸಿಯಂ ಸೋಪು ದಾರ ಬಿಗಿದ ಮಾಲೆ. ಅಥವಾ ಹೀಗೆನ್ನಿ: ಒಂದು ಗಾರೆಯಿಲ್ಲದೆ ಪೇರಿಸಿದ ಇಟ್ಟಿಗೆ, ಇನ್ನೊಂದು ಗಾರೆ ಹಾಕಿದ ಗೋಡೆ. ಗಾರೆ ಎಂಬ ಮಾತು ಇಲ್ಲಿ ಬರೀ ಹೋಲಿಕೆಯೂ ಅಲ್ಲ. ಗಾರೆಯ ಸುಣ್ಣದಲ್ಲಿರುವುದೂ ಇದೇ ಕ್ಯಾಲ್ಸಿಯಂ. ಹಳೇ ಪೈಪುಗಳ ಸಿಮೆಂಟು ಜಾಯಿಂಟಿನಿಂದ ಅದು ಸ್ವಲ್ಪಸ್ವಲ್ಪವೇ ಬಿಟ್ಟುಕೊಂಡು ಅಲ್ಲಿ ನಿಂತ ಕೊಬ್ಬಿಗೆ ಸೇರುತ್ತದೆ. ಜಡ್ಡು ಜಾಯಿಂಟಿನ ಬಳಿಯೇ ದಪ್ಪಗಿರುವುದಕ್ಕೆ ಇದೂ ಒಂದು ಕಾರಣ.

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ (ಮುಖ್ಯವಾಗಿ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಅಳತೆ) ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು. 500 ಇರುವ ನೀರು ಒಂದು ಲೀಟರಿಗೆ ಸುಮಾರು 3 ಗ್ರಾಂ ಸೋಪನ್ನು ಜಡ್ಡಾಗಿಸಬಲ್ಲದು. ಇಪ್ಪತ್ತು ಲೀಟರಿನ ಒಂದು ಬಕೆಟ್ಟಿಗೆ 60 ಗ್ರಾಂ, ಎಂದರೆ ಒಂದು ಚಿಕ್ಕ ಸೋಪು ಪೂರ್ತಿ. ನಾವು ಅಷ್ಟು ಸೋಪು ಉಜ್ಜುವುದಿಲ್ಲ. ಉಜ್ಜಿದ್ದರಲ್ಲಿ ಬಹುಪಾಲು ಜಡ್ಡಾಗಲು ಬೇಕಾದ ಕ್ಯಾಲ್ಸಿಯಂ ಮಾತ್ರ ಬಕೆಟ್ಟಿನಲ್ಲಿ ಸದಾ ಸಿದ್ಧ. ಸೀಗೆಕಾಯಿ, ಅಂಟುವಾಳದ ನೊರೆಗೆ ಈ ಪೀಡೆ ಇಲ್ಲ. ಅದು ಸಪೋನಿನ್ ಎಂಬ ಬೇರೆಯೇ ವಸ್ತು, ಗಡಸು ನೀರಿಗೆ ಹೆದರುವುದಿಲ್ಲ. (ಹಾಗೆಂದು ಸೀಗೆಪುಡಿಯನ್ನು ಬಚ್ಚಲಿಗೆ ಸುರಿಯಬೇಡಿ. ನೊರೆ ಹೋಗುತ್ತದೆ, ನಾರು ಉಳಿಯುತ್ತದೆ.) ಲಂಡನ್ನಿನ ವೈಟ್‌ಚಾಪೆಲ್ ಒಳಚರಂಡಿಯಲ್ಲಿ 2017ರಲ್ಲಿ ಸಿಕ್ಕಿದ 250 ಮೀಟರ್ ಉದ್ದ, 130 ಟನ್ ತೂಕದ ಕೊಬ್ಬಿನ ಬಂಡೆಯೂ ನಮ್ಮ ಬಚ್ಚಲ ಜಡ್ಡಿನ ಜಾತಿಯದೇ. ಅದರ ಒಂದು ತುಂಡನ್ನು ಮರುವರ್ಷ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು.

ಇಷ್ಟು ತಿಳಿದರೆ ಮೊಬೈಲಿನಲ್ಲಿ ಹರಿದಾಡುವ ಉಪಾಯಗಳ ಬಣ್ಣ ಬಯಲು. ಕುದಿಯುವ ನೀರು? ಕ್ಯಾಲ್ಸಿಯಂ ಸ್ಟಿಯರೇಟ್ ಎಂಬ ಕ್ಯಾಲ್ಸಿಯಂ ಸೋಪು ಕರಗಲು 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೇಕು, ನೀರು ಕುದಿಯುವುದೇ ನೂರಕ್ಕೆ. ಹೊಸ ತುಪ್ಪ, ಕೊಬ್ಬರಿ ಎಣ್ಣೆ ಕರಗುತ್ತವೆ ನಿಜ. ಆದರೆ ನಾಲ್ಕು ಮೀಟರ್ ಮುಂದೆ ಹೋಗಿ ತಣ್ಣಗಾಗಿ ಮತ್ತೆ ಹಿಡಿಯುತ್ತವೆ. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲೇ ನೋಡಬಹುದು. ಸಿಂಕಿಗೆ ಹೋಗಿರುವುದು ದೋಸೆ ಹಿಟ್ಟಾದರೆ ಕುದಿನೀರು ಇನ್ನೂ ಕೆಡುಕು. ಅಕ್ಕಿಯ ಪಿಷ್ಟ ಸುಮಾರು 70 ಡಿಗ್ರಿಗೆ ಬೆಂದು ಅಂಟಾಗುತ್ತದೆ. ತಣ್ಣೀರಿಗೆ ಹರಿದುಹೋಗಬಹುದಾಗಿದ್ದ ಹಿಟ್ಟನ್ನು ನೀವೇ ಪೈಪಿನೊಳಗೆ ಬೇಯಿಸಿದಂತಾಯಿತು. ಪಿವಿಸಿ ಪೈಪು ಬೇರೆ ಆ ಬಿಸಿಗೆ ಮೆತ್ತಗಾಗಿ ಬಾಗುತ್ತದೆ.

ಅಡುಗೆ ಸೋಡಾ, ವಿನೆಗರ್? ಒಂದು ದೊಡ್ಡ ಚಮಚ ಸೋಡಾದಿಂದ ನಾಲ್ಕು ಲೀಟರಿನಷ್ಟು ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ತೆರೆದ ಸಿಂಕಿನಲ್ಲಿ ಅದು ಜಡ್ಡನ್ನು ತಳ್ಳುವ ಬದಲು ಸುಲಭದ ದಾರಿ ಹಿಡಿದು ಮೇಲಕ್ಕೆ ಬರುತ್ತದೆ. ಬುರುಬುರು ನೊರೆ ನೋಡಲು ಚೆಂದ. ಕ್ಷಾರ, ಆಮ್ಲ ಒಂದನ್ನೊಂದು ಕೊಂದುಕೊಂಡ ಮೇಲೆ ಪೈಪಿನಲ್ಲಿ ಉಳಿಯುವುದು ತುಸು ಉಪ್ಪಿನ ನೀರು. ಕಾಸ್ಟಿಕ್ ಸೋಡಾ ಹೊಸ ಕೊಬ್ಬನ್ನು ಸೋಪು ಮಾಡಿ ಹರಿಸುತ್ತದೆ. ಆ ಸೋಪಿಗೆ ಮುಂದೆ ಬೋರ್‌ವೆಲ್ ನೀರು ಸಿಕ್ಕರೆ ಮತ್ತೆ ಕ್ಯಾಲ್ಸಿಯಂ ಗಂಟು. ಆಸಿಡ್ ಅಂತೂ ಬೇಡವೇ ಬೇಡ. ಅದು ಕ್ಯಾಲ್ಸಿಯಂ ಅನ್ನು ಬಿಡಿಸುತ್ತದೆ, ಉಳಿದ ಕೊಬ್ಬಿನ ಆಮ್ಲ ಮೇಣದಂತೆ ಅಲ್ಲೇ ಕೂರುತ್ತದೆ, ಜೊತೆಗೆ ಜಾಯಿಂಟಿನ ಸಿಮೆಂಟು ತಿಂದುಹೋಗುತ್ತದೆ. ಕಾಸ್ಟಿಕ್ ಹಾಕಿದ ಮೇಲೆ ಆಸಿಡ್ ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಬ್ಲೀಚಿಂಗ್ ಪುಡಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ.

ಇನ್ನು ನೀರಿನ ವೇಗ. ಕೊಳಚೆ ತನ್ನ ಕಸವನ್ನು ತಾನೇ ಹೊತ್ತುಕೊಂಡು ಹೋಗಬೇಕಾದರೆ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗ ಬೇಕು ಎನ್ನುವುದು ಎಂಜಿನಿಯರುಗಳ ಹಳೇ ಲೆಕ್ಕ. ನಾಲ್ಕಿಂಚಿನ ಪೈಪಿಗೆ 40ಕ್ಕೆ 1ರ ಇಳಿಜಾರು (40 ಮೀಟರಿಗೆ 1 ಮೀಟರ್ ಇಳಿತ) ಕೊಟ್ಟು ಅರ್ಧ ಪೈಪು ತುಂಬಿ ಹರಿಸಿದರೆ ಸೆಕೆಂಡಿಗೆ 1 ಮೀಟರ್ ಸಿಗುತ್ತದೆ. 100ಕ್ಕೆ 1 ಆದರೆ 0.65. ಆದರೆ ಮನೆಯ ಪೈಪು ಅರ್ಧ ತುಂಬುವುದು ಎಂದು? ನಲ್ಲಿಯಿಂದ ಸೆಕೆಂಡಿಗೆ 200 ಮಿಲಿಲೀಟರ್ ಬಿದ್ದರೆ 100ಕ್ಕೆ 1ರ ಇಳಿಜಾರಿನಲ್ಲಿ ಪೈಪಿನ ತಳದಲ್ಲಿ ಒಂದು ಬೆರಳು ದಪ್ಪದ ನೀರು, ವೇಗ 0.3 ಮೀಟರ್. ‘ದೊಡ್ಡ ಪೈಪು ಹಾಕಿಸಿಬಿಡಿ, ಕಟ್ಟುವುದೇ ಇಲ್ಲ’ ಎನ್ನುವ ಮೇಸ್ತ್ರಿಗಳಿದ್ದಾರೆ. ಆರಿಂಚಿನ ಪೈಪಿನಲ್ಲೂ ಅದೇ ನೀರು ಅದೇ ಬೆರಳಿನಷ್ಟೇ ಇರುತ್ತದೆ, ಇನ್ನಷ್ಟು ಹರಡಿಕೊಂಡು. ಮೇಕೆದಾಟುವಿನ ಇರುಕಿನಲ್ಲಿ ಬಂಡೆ ಕೊರೆಯುವ ಕಾವೇರಿಯೇ ಅಗಲವಾದ ಪಾತ್ರದಲ್ಲಿ ಮರಳು ಬಿಟ್ಟು ಮುಂದೆ ಹೋಗುತ್ತಾಳೆ.

ಹಳೇ ಮನೆಗಳ ತೊಂದರೆಯ ಮೂಲ ಬಹುತೇಕ ಇಲ್ಲೇ ಇದೆ. ಹತ್ತು ಜನರ ಕೂಡುಕುಟುಂಬಕ್ಕೆ ಹಾಕಿದ ಪೈಪು. ಹಂಡೆಯಿಂದ ತೋಡಿ ಸ್ನಾನ, ಬಟ್ಟೆ ಒಗೆದು ಟಬ್ಬು ಟಬ್ಬಾಗಿ ಚೆಲ್ಲಿದ ನೀರು, ದಿನಕ್ಕೆ ಹತ್ತಾರು ಸಲ ಸಣ್ಣ ಪ್ರವಾಹ. ಈಗ ಅಲ್ಲಿ ಇಬ್ಬರು ಹಿರಿಯರು, ನೀರು ಉಳಿಸುವ ನಲ್ಲಿ, ಮೂರು ತಟ್ಟೆ. ಪೈಪು ಮೊದಲಿನದೇ, ಅದನ್ನು ತೊಳೆಯುತ್ತಿದ್ದ ಪ್ರವಾಹ ನಿಂತುಹೋಗಿದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಸಿಂಕಿನ ತೂತಿಗೆ ಬಿರಡೆ ಹಾಕಿ ತಣ್ಣೀರು ತುಂಬಿಸಿ ಒಮ್ಮೆಲೇ ಬಿಡಿ, ಬಚ್ಚಲಿಗೆ ಒಂದು ದೊಡ್ಡ ಬಕೆಟ್ ಒಂದೇ ಏಟಿಗೆ ಸುರಿಯಿರಿ. ಬಟ್ಟೆ ತೊಳೆದ ನೀರಾದರೂ ಆದೀತು.

ಜಾಗ ಹುಡುಕುವುದು ಹೇಗೆ? ಪೈಪಿನ ದಾರಿಯಲ್ಲಿ ಅಲ್ಲಲ್ಲಿ ಇರುವ ಮುಚ್ಚಳದ ಗುಂಡಿಗಳೇ ಚೇಂಬರುಗಳು. ಎಲ್ಲದರ ಮುಚ್ಚಳ ತೆಗೆಯಿರಿ, ರಸ್ತೆಯ ಕಡೆಯದರಿಂದ ಶುರು ಮಾಡಿ ಮನೆಯ ಕಡೆಗೆ. ಒಂದು ಖಾಲಿ, ಅದರ ಮೇಲಿನದು ತುಂಬಿದೆ ಎಂದರೆ ಕಳ್ಳ ಅವೆರಡರ ನಡುವೆ. ಎಲ್ಲವೂ ತುಂಬಿದ್ದರೆ ತೊಂದರೆ ರಸ್ತೆಯದು, ಜಲಮಂಡಳಿಯವರನ್ನು ಕರೆಯಬೇಕು. ಎಲ್ಲವೂ ಖಾಲಿ, ಸಿಂಕು ಮಾತ್ರ ಕಟ್ಟಿದ್ದರೆ ಗಲ್ಲಿ ಟ್ರ್ಯಾಪಿಗಿಂತ (ಸಿಂಕಿನ ನೀರು ಮನೆಯಿಂದ ಹೊರಗೆ ಬಂದು ಬೀಳುವ, ವಾಸನೆ ತಡೆಯಲು ನೀರು ನಿಂತಿರುವ ಗುಂಡಿ) ಹಿಂದಿನ ಎಲ್ಬೊ, ಎಂದರೆ ಪೈಪಿನ ತಿರುವು, ನೋಡಿ. ಚೇಂಬರೇ ಕಾಣದಿದ್ದರೆ? ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಬೆನ್ನಿಗೆ ಬೆಳೆದ ಬಡಾವಣೆಗಳು. ಗಾಳಿ ಬೆಳಕು ಆಡಲಿ, ಮಲ ಹೊರುವವರು ಹಿಂಬದಿಯಿಂದ ಬಂದುಹೋಗಲಿ ಎಂದು ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟಿದ್ದರು. ಅಂಥ ಹಳೇ ಮನೆಯ ಪೈಪು ಹಿತ್ತಿಲ ಕಡೆಗೇ ಹೋಗಿರಬಹುದು. ಆಮೇಲೆ ಹಿತ್ತಿಲಿಗೆ ಒಂದು ಕೋಣೆ ಎಳೆದು, ಚೇಂಬರಿನ ಮೇಲೆ ಟೈಲ್ಸು ಕೂರಿಸಿರುತ್ತಾರೆ. ನೆಲ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಅದಿರುತ್ತದೆ.

ನಡುವಿನ ಪೈಪನ್ನು ಪರೀಕ್ಷಿಸಲು ಕ್ಯಾಮೆರಾ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಒಂದು ಕೈಗನ್ನಡಿ, ಒಂದು ಟಾರ್ಚು ಸಾಕು. ಜಡ್ಡು ತೆಗೆಸಿದ ಮೇಲೆ ಮೇಲಿನ ಚೇಂಬರಿನಲ್ಲಿ ಟಾರ್ಚನ್ನು ಪೈಪಿನೊಳಕ್ಕೆ ಬಿಡಬೇಕು. ಕೆಳಗಿನ ಚೇಂಬರಿನಲ್ಲಿ ಕನ್ನಡಿಯನ್ನು ಕೋಲಿಗೆ ಕಟ್ಟಿ ಓರೆಯಾಗಿ ಇಳಿಸಿ, ಮೇಲೆ ನಿಂತೇ ನೋಡಬೇಕು. ಪೈಪು ನೇರವಾಗಿದ್ದರೆ ಕನ್ನಡಿಯಲ್ಲಿ ಹುಣ್ಣಿಮೆ ಚಂದ್ರ. ನಡುವೆ ಕುಸಿದಿದ್ದರೆ ಚಂದ್ರನ ಒಂದು ಪಕ್ಕ ತಿಂದುಹೋಗಿರುತ್ತದೆ, ತಳದಲ್ಲಿ ನಿಂತ ನೀರು ಹೊಳೆಯುತ್ತದೆ. ಬೇರು ನುಗ್ಗಿದ್ದರೆ ಚಂದ್ರನ ಮೇಲೆ ಜಡೆ. ಇಳಿಜಾರು ಅಳೆಯಲು ಮೇಸ್ತ್ರಿಗಳ ಹತ್ತಿರ ಇರುವ ಪಾರದರ್ಶಕ ಟ್ಯೂಬ್ ಲೆವೆಲ್ ಸಾಕು: ಆರು ಮೀಟರ್ ದೂರದ ಎರಡು ಚೇಂಬರುಗಳ ತಳದಲ್ಲಿ 15 ಸೆಂಟಿಮೀಟರ್ ವ್ಯತ್ಯಾಸ ಇದ್ದರೆ 40ಕ್ಕೆ 1. ಅರಿಸಿನ ಕದಡಿದ ಒಂದು ಬಕೆಟ್ ನೀರು ಮೇಲೆ ಸುರಿದರೆ ಹತ್ತು ಸೆಕೆಂಡಿನೊಳಗೆ ಕೆಳಗೆ ಹಳದಿ ಕಾಣಬೇಕು.

ಎಷ್ಟೋ ಕಡೆ ಈ ಅಳತೆಯಲ್ಲೇ ವಾಸ್ತು ಸಿಕ್ಕಿಬೀಳುತ್ತದೆ. ನೀರು ಈಶಾನ್ಯಕ್ಕೇ ಹರಿಯಬೇಕು ಎಂದು, ನೈರುತ್ಯಕ್ಕೆ ಇಳಿಜಾರಿರುವ ನಿವೇಶನದಲ್ಲಿ ಪೈಪನ್ನು ಮನೆಗೆ ಪ್ರದಕ್ಷಿಣೆ ಹಾಕಿಸಿರುತ್ತಾರೆ. ಎಂಟು ಮೀಟರಿನಲ್ಲಿ ಮುಗಿಯಬೇಕಾದದ್ದು ಇಪ್ಪತ್ತಾಗುತ್ತದೆ. ಅದಕ್ಕೆ ಅರ್ಧ ಮೀಟರ್ ಇಳಿತ ಬೇಕು, ರಸ್ತೆಯ ಪೈಪು ಅಷ್ಟು ಆಳದಲ್ಲಿರುವುದಿಲ್ಲ, ಇಳಿಜಾರಿಗೆ ಕತ್ತರಿ. ದಿಕ್ಸೂಚಿಯ ಮುಳ್ಳು ಎತ್ತ ತೋರಿಸಿದರೂ ನೀರು ತಗ್ಗಿಗೇ ಹರಿಯುವುದು.

ಬೇರಿನ ವಿಷಯಕ್ಕೆ ಬಂದರೆ, ಹಳೇ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನ ತುಂಡು ಎರಡೇ ಅಡಿ. ಹನ್ನೆರಡು ಮೀಟರಿಗೆ ಇಪ್ಪತ್ತು ತುಂಡು, ಹತ್ತೊಂಬತ್ತು ಜಾಯಿಂಟು. ಬೇರಿಗೆ ನೀರಿನ ವಾಸನೆ ಹೊಡೆಯುತ್ತದೆ ಎನ್ನುವುದು ಮಾತಿನ ಮಾತು. ಬಿರುಕು ಬಿಟ್ಟ ಜಾಯಿಂಟಿನ ಸುತ್ತ ಮಣ್ಣು ಒದ್ದೆಯಾಗಿರುತ್ತದೆ, ಬೇರು ಒದ್ದೆಯ ಕಡೆ ಬೆಳೆಯುತ್ತದೆ. ಒಳಗೆ ಬರುವಾಗ ಕೂದಲೆಳೆ, ಬಂದ ಮೇಲೆ ಪೊರಕೆ. ಮೈಲುತುತ್ತ ಸುರಿದರೆ ತಗುಲಿದ ಬೇರು ಸಾಯುತ್ತದೆ, ಬಿರುಕು ಹಾಗೇ ಇರುತ್ತದೆ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದರ ಬ್ಯಾಕ್ಟೀರಿಯಾಗಳೂ ಸಾಯುತ್ತವೆ.

ಆ ತುಂಡನ್ನು ಅಗೆದು ಬದಲಾಯಿಸುವುದೊಂದೇ ನಿಜವಾದ ರಿಪೇರಿ. ಪೂರ್ತಿ ಲೈನು ಕೀಳಬೇಕಿಲ್ಲ, ಕುಸಿದ ಮೂರು ನಾಲ್ಕು ಮೀಟರ್ ಸಾಕು. 110 ಮಿಲಿಮೀಟರಿನ ಪಿವಿಸಿ ಪೈಪು, ಕೆಳಗೆ ಹತ್ತು ಸೆಂಟಿಮೀಟರ್ ಮರಳಿನ ಹಾಸು, ಪೈಪು ಉದ್ದಕ್ಕೂ ಮರಳಿನ ಮೇಲೆ ಕೂತಿರಬೇಕು. ಒಂದು ಕಡೆ ಇಟ್ಟಿಗೆ ಚೂರು ಕೊಟ್ಟು ಲೆವೆಲ್ ಮಾಡಿದರೆ ಐದು ವರ್ಷಕ್ಕೆ ಅಲ್ಲೇ ಬಾಗುತ್ತದೆ. ತಿರುವಿನಲ್ಲಿ 90 ಡಿಗ್ರಿಯ ಒಂದು ಎಲ್ಬೊ ಬೇಡ, 45ರ ಎರಡು ಹಾಕಿಸಿ. ಹಳೆಯದು, ಹೊಸದು ಸೇರುವಲ್ಲಿ ಅಡಾಪ್ಟರ್ ಬೇಕು. ಚಿಂದಿ ತುರುಕಿ ಸಿಮೆಂಟು ಮೆತ್ತಿದರೆ ಒಳಗೆ ತುಟಿಯೊಂದು ಉಳಿದು ಕೂದಲಿನ ಮೊದಲ ಎಳೆ ಅಲ್ಲೇ ನೇತುಬೀಳುತ್ತದೆ. ಚೇಂಬರಿನ ತಳ ಚಪ್ಪಟೆಯಾಗಿದ್ದರೆ ಅರ್ಧ ಪೈಪಿನ ಆಕಾರದ ಕಾಲುವೆ ಮಾಡಿ ಎರಡೂ ಪಕ್ಕ ಅದರತ್ತ ಇಳಿಜಾರು ಕೊಡಿಸಿ. ಸಿಂಕಿಗೂ ಗಲ್ಲಿ ಟ್ರ್ಯಾಪಿಗೂ ನಡುವೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಆಳದ ಜಿಡ್ಡಿನ ತೊಟ್ಟಿ ಇಟ್ಟು, ಹೊರಹೋಗುವ ಪೈಪಿನ ಬಾಯಿಯನ್ನು ನೀರಿನೊಳಕ್ಕೆ ಮುಳುಗಿಸಿದರೆ ಎಣ್ಣೆ ಮೇಲೆ ತೇಲಿ ಅಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ಸೌಟಿನಲ್ಲಿ ತೆಗೆದು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಬೇಕು. ತೆಗೆಯದಿದ್ದರೆ ತೊಟ್ಟಿಯೇ ಹೊಸ ಅಡಚಣೆ.

ಈ ಕೆಲಸದಲ್ಲಿ ಯಾರನ್ನೂ ಆಳದ ಚೇಂಬರಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗು ಮರಗಟ್ಟಿ ಅದರ ಕೊಳೆತ ಮೊಟ್ಟೆಯ ವಾಸನೆಯೇ ತಿಳಿಯುವುದಿಲ್ಲ. ಇಳಿದವರನ್ನು ಎತ್ತಲು ಇಳಿದವರೂ ಮೇಲೆ ಬರುವುದಿಲ್ಲ. ರಕ್ಷಣಾ ಸಲಕರಣೆಯಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಇಳಿಯುವವರು ಒಪ್ಪಿದ್ದರೂ ಅಪರಾಧವೇ. ಕೊಳಚೆ ಹೀರುವ ಸಕ್ಕಿಂಗ್ ಯಂತ್ರ, ಒತ್ತಡದ ನೀರು ಚಿಮ್ಮಿಸಿ ಪೈಪು ತೊಳೆಯುವ ಜೆಟ್ಟಿಂಗ್ ಯಂತ್ರಗಳು ಬಾಡಿಗೆಗೆ ಸಿಗುತ್ತವೆ. ಜೆಟ್ಟಿಂಗ್ ಕೆಳಗಿನ ಚೇಂಬರಿನಿಂದ ಮೇಲ್ಮುಖವಾಗಿ ಮಾಡಿಸಿ, ಕಸ ಹಿಂದಕ್ಕೆ ತೊಳೆದುಬರುತ್ತದೆ. ಪೈಪು ಸ್ಟೋನ್‌ವೇರಿನದು ಎಂದು ಮೊದಲೇ ಹೇಳಿ ಒತ್ತಡ ತಗ್ಗಿಸಿಕೊಳ್ಳಿ.

ಹೊಸ ತುಂಡು ಹಾಕಿದ ಕೂಡಲೇ ಮಣ್ಣು ಮುಚ್ಚಲು ಕೆಲಸದವರು ಅವಸರ ಮಾಡುತ್ತಾರೆ. ಅದಕ್ಕೆ ಮೊದಲು ಟಾರ್ಚು ಬಿಟ್ಟು ಕನ್ನಡಿ ಹಿಡಿಯಿರಿ. ಚಂದ್ರ ದುಂಡಗೆ ಕಂಡರೆ ಮುಚ್ಚಿಸಿ. ಒಂದು ಪಕ್ಕ ಚೂರು ಕಡಿಮೆ ಕಂಡರೂ ಮರಳು ಕೆದಕಿ ಮತ್ತೆ ಕೂರಿಸಲು ಹೇಳಿ. ಆವತ್ತು ಅರ್ಧ ಗಂಟೆಯ ಕೆಲಸ.